ಪರಿಸರ ನಿಯಮಗಳನ್ನು ಸರ್ಕಾರ ಮನಸ್ಸು ಬಂದಾಗ ತೆಗೆದುಹಾಕಬಹುದೇ? ಕಾನೂನು ಬಲ್ಲವರು ತಿಳಿಸಿ

ಗೋಮಾಳದಂಚು (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮೂರ ಪಕ್ಕ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದೆ. ಗೋಮಾಳದ ಕಡೆಯಿಂದ ಹಗಲು ರಾತ್ರಿ ಟಿಪ್ಪರ್‌ಗಳಲ್ಲಿ ಮಣ್ಣು ಸಾಗುತ್ತಿದೆ. ದನ ಮೇಯುತ್ತಿದ್ದ ಜಾಗದಲ್ಲಿ ಈಗ ಎರಡಾಳು ಆಳದ ಗುಂಡಿ. ಕೇಳಲು ಹೋದರೆ ಗುತ್ತಿಗೆದಾರರ ಕಡೆಯವರು 2020ರ ಕೇಂದ್ರದ ಅಧಿಸೂಚನೆಯ ಜೆರಾಕ್ಸ್ ಮುಂದಿಟ್ಟು, "ರಸ್ತೆಗೆ ಮಣ್ಣು ತೆಗೆಯೋಕೆ ಪರಿಸರ ಅನುಮತಿ ಬೇಕಿಲ್ಲ, ಆ ರೂಲ್ಸೇ ತೆಗೆದುಹಾಕಿದ್ದಾರೆ" ಅನ್ನುತ್ತಾರೆ.

ನನಗೆ ಎರಡು ಪ್ರಶ್ನೆ. ಒಂದು, ಅವರು ಹೇಳುವುದು ನಿಜವೇ? ಎರಡನೆಯದು ಇನ್ನೂ ದೊಡ್ಡದು. ಜನರ ಹಿತಕ್ಕೆ ಅಂತ ಮಾಡಿದ ನಿಯಮವನ್ನು ಸರ್ಕಾರ ಒಂದು ಹಾಳೆ ಹೊರಡಿಸಿ ಇಲ್ಲ ಅಂತ ಮಾಡಿಬಿಡಬಹುದೇ? ಮಾಡುವಾಗ ನಮ್ಮಂಥವರನ್ನು ಕೇಳಬೇಕು ಅಂತ ಎಲ್ಲೂ ಬರೆದಿಲ್ಲವೇ?

---

ಕರಿಕೋಟು (ಬೆಂಗಳೂರು)

ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಮೊದಲನೆಯದರ ಉತ್ತರ ಅದರೊಳಗೇ ಇದೆ.

ನಿಯಮ ಮಾಡುವ ಅಧಿಕಾರ ಇರುವವರಿಗೆ ಅದನ್ನು ರದ್ದು ಮಾಡುವ ಅಧಿಕಾರವೂ ಇರುತ್ತದೆ. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 21ನೇ ಕಲಂ ಇದನ್ನೇ ಹೇಳುವುದು. ಸರ್ಕಾರದ ವಕೀಲರು ಕೋರ್ಟಿನಲ್ಲಿ ಮೊದಲು ಎತ್ತುವುದೂ ಇದನ್ನೇ. ಆದರೆ ಅದೇ ಕಲಮಿನಲ್ಲಿ ಮುಂದಿನ ಮಾತೂ ಇದೆ: ನಿಯಮ ಮಾಡುವಾಗ ಯಾವ ವಿಧಾನ, ಯಾವ ಷರತ್ತು ಪಾಲಿಸಬೇಕಿತ್ತೋ ತಿದ್ದುವಾಗಲೂ ತೆಗೆಯುವಾಗಲೂ ಅದನ್ನೇ ಪಾಲಿಸಬೇಕು. ಬಂದ ದಾರಿಯಲ್ಲೇ ಹೋಗಬೇಕು, ಹಿತ್ತಲ ಬಾಗಿಲಿಲ್ಲ.

ಪರಿಸರದ ವಿಷಯದಲ್ಲಿ ಆ ದಾರಿ ಯಾವುದು? 1986ರ ಪರಿಸರ ಸಂರಕ್ಷಣಾ ಕಾಯ್ದೆಯ 3ನೇ ಕಲಂ, ಅದರಡಿ ಬಂದ 1986ರ ನಿಯಮಗಳ 5(3)ನೇ ನಿಯಮ. ಕರಡನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು, ಜನರಿಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಕೊಡಬೇಕು, ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಿಯೇ ಅಂತಿಮ ಮಾಡಬೇಕು. ನೀವು "ಎಲ್ಲೂ ಬರೆದಿಲ್ಲವೇ" ಅಂತ ಕೇಳಿದಿರಿ. ಬರೆದಿದೆ, ಇಲ್ಲೇ ಬರೆದಿದೆ. ಆದರೆ ಪಕ್ಕದಲ್ಲೇ 5(4) ಇದೆ: ಸಾರ್ವಜನಿಕ ಹಿತಕ್ಕೆ ಅಗತ್ಯ ಅನ್ನಿಸಿದರೆ ಕೇಂದ್ರ ಸರ್ಕಾರ ಆ ನೋಟಿಸನ್ನು ಕೈಬಿಡಬಹುದು. ಕಳೆದ ಹತ್ತು ಹದಿನೈದು ವರ್ಷದ ಬಹುಪಾಲು ಜಗಳ ಈ ಒಂದು ಉಪನಿಯಮದ ಸುತ್ತಲೇ ನಡೆದಿದೆ.

ಈಗ ನಿಮ್ಮ ಜೆರಾಕ್ಸ್. ಅದು 2020ರ ಮಾರ್ಚ್ 28ರ ಅಧಿಸೂಚನೆ. ದಿನಾಂಕ ಗಮನಿಸಿ, ದೇಶಕ್ಕೆ ಲಾಕ್‌ಡೌನ್ ಆಗಿ ಇನ್ನೂ ವಾರ ಕಳೆದಿರಲಿಲ್ಲ. 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಗೆ ತಿದ್ದುಪಡಿ ತಂದು, ರಸ್ತೆ, ಪೈಪ್‌ಲೈನ್‌ನಂತಹ ಉದ್ದುದ್ದ ಯೋಜನೆಗಳಿಗೆ ಸಾಮಾನ್ಯ ಮಣ್ಣು ತೆಗೆಯಲು ಪೂರ್ವಾನುಮತಿ ಬೇಡ ಅಂದರು. 5(4) ಬಳಸಿ ಜನರ ಆಕ್ಷೇಪಣೆ ಕರೆಯಲೇ ಇಲ್ಲ. ಇದು ಸುಪ್ರೀಂ ಕೋರ್ಟಿಗೆ ಹೋಯಿತು. ನೋಬಲ್ ಪೈಕಡ ಪ್ರಕರಣ, ತೀರ್ಪು 2024ರ ಮಾರ್ಚ್ 21ರಂದು. ನ್ಯಾಯಮೂರ್ತಿ ಅಭಯ್ ಓಕಾ ಮತ್ತು ನ್ಯಾಯಮೂರ್ತಿ ಸಂಜಯ್ ಕರೋಲ್ ಅವರ ಪೀಠ ಆ ವಿನಾಯಿತಿಯನ್ನು ಹೊಡೆದುಹಾಕಿತು.

ಕಾರಣಗಳನ್ನು ಓದಬೇಕು ನೀವು. ಸಾರ್ವಜನಿಕ ಹಿತ ಅಂತ ಬರೆದ ಮಾತ್ರಕ್ಕೆ ಆಗಲಿಲ್ಲ, ಯಾವ ಹಿತ ಅಂತ ತೋರಿಸಬೇಕಿತ್ತು, ತೋರಿಸಲಿಲ್ಲ. ಲಾಕ್‌ಡೌನ್‌ನಲ್ಲಿ ರಸ್ತೆ ಕೆಲಸವೇ ನಿಂತಿರುವಾಗ ಇಷ್ಟು ಆತುರ ಯಾಕೆ ಅನ್ನುವುದಕ್ಕೆ ಉತ್ತರ ಇರಲಿಲ್ಲ. ಎಷ್ಟು ಮಣ್ಣು ತೆಗೆಯಬಹುದು ಅನ್ನುವ ಮಿತಿ ಇಲ್ಲ, ಯಾವುದು ಉದ್ದದ ಯೋಜನೆ ಅನ್ನುವ ವ್ಯಾಖ್ಯೆ ಇಲ್ಲ, ನೋಡಿಕೊಳ್ಳುವ ಪ್ರಾಧಿಕಾರ ಇಲ್ಲ. ಹಾಗಾಗಿ ಮನಸೋಇಚ್ಛೆಯದು, ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿಗೂ ವಿರುದ್ಧ ಅಂದಿತು ಕೋರ್ಟು. ಆ ಜೆರಾಕ್ಸಿಗೆ ಈಗ ಬೆಲೆ ಇಲ್ಲ.

---

ಸೈಟ್‌ಇಂಜಿನಿಯರ್ (ಹುಬ್ಬಳ್ಳಿ)

ಕರಿಕೋಟು ಸರ್ ಹೇಳಿದ್ದು ಸರಿ, ಆದರೆ ಕಥೆ 2024ಕ್ಕೆ ಮುಗಿದಿಲ್ಲ. ನಾನು ಇದೇ ಕೆಲಸದಲ್ಲಿ ಇರೋದರಿಂದ ಹೇಳ್ತೀನಿ. 2025ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅದೇ ವಿನಾಯಿತಿಯನ್ನು ಮತ್ತೆ ತಂದಿದೆ. ಈ ಸಲ ಷರತ್ತು ಸೇರಿಸಿ: 20,000 ಘನ ಮೀಟರ್ ದಾಟಿದರೆ ನಿಗದಿಪಡಿಸಿದ ಕಾರ್ಯವಿಧಾನ, ಸುರಕ್ಷತಾ ಕ್ರಮ ಪಾಲಿಸಬೇಕು ಅಂತ. ಹಾಗಾಗಿ ಗುತ್ತಿಗೆದಾರರು ತೋರಿಸಿದ ಹಾಳೆ ತಪ್ಪು, ಆದರೆ ಅವರಿಗೆ ಬೇರೆ ಹಾಳೆ ಸಿಗುತ್ತೆ.

ಇನ್ನೊಂದು ಮಾತು. ಒಂದು ಕಿಲೋಮೀಟರ್ ಏರಿ ಹಾಕಬೇಕಾದರೆ ಎಷ್ಟು ಮಣ್ಣು ಬೇಕು ಅಂತ ಹೊರಗಿನವರಿಗೆ ಅಂದಾಜಿರಲ್ಲ. ಪ್ರತಿ ಗುಂಡಿಗೂ ರಾಜ್ಯ ಪ್ರಾಧಿಕಾರದಿಂದ ಅನುಮತಿ ಅಂದರೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಮಳೆಗಾಲ ಬಂದಿರುತ್ತೆ, ಅರ್ಧ ಹಾಕಿದ ಏರಿ ಕೊಚ್ಚಿಹೋಗಿ ಪಕ್ಕದ ಹೊಲಕ್ಕೇ ಬೀಳುತ್ತೆ. ನಿಯಮ ಸಡಿಲ ಮಾಡಿದ್ದೆಲ್ಲಾ ಪರಿಸರದ್ರೋಹ ಅಂತ ನೋಡಬೇಡಿ ಅಂತ ನನ್ನ ಪ್ರಾರ್ಥನೆ.

---

ಕೆರೆಯಂಗಳ (ಬೆಂಗಳೂರು)

ಸೈಟ್‌ಇಂಜಿನಿಯರ್ ಅವರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ನನ್ನ ಸಂಕಟವೂ ನೀವು ಹೇಳಿದ್ದರಲ್ಲೇ ಇದೆ. ನಾಲ್ಕು ವರ್ಷ ಕೋರ್ಟು ಅಲೆದು ಗೆದ್ದದ್ದು ಒಂದೇ ವರ್ಷದಲ್ಲಿ ಮತ್ತೆ ಬಂತು. ಆ ನಾಲ್ಕು ವರ್ಷ ತೆಗೆದ ಮಣ್ಣು ವಾಪಸ್ ಬರಲಿಲ್ಲ.

ಬೆಂಗಳೂರಿನ ಕೆರೆಗಳ ಕಥೆ ಇದಕ್ಕಿಂತ ಗೋಜಲು. 2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಬಫರ್, ಅಂದರೆ ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ, ಹೆಚ್ಚಿಸಿತ್ತು. ಕೆರೆಗೆ 75 ಮೀಟರ್, ರಾಜಕಾಲುವೆಗಳಿಗೆ ದರ್ಜೆ ನೋಡಿ 50, 35, 25. ಅದಕ್ಕೂ ಮೊದಲು 2015ರ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಗೆ 30, ಕಾಲುವೆಗಳಿಗೆ 50, 25, 15 ಇತ್ತು. ನಾವೆಲ್ಲಾ ಬಹಳ ಸಂತೋಷಪಟ್ಟಿದ್ದೆವು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮಾಸ್ಟರ್ ಪ್ಲಾನ್ ಕಾಯ್ದೆಯ ಬಲದಿಂದ ಬಂದದ್ದು, ಅದನ್ನು ಬದಲಿಸುವ ಅಧಿಕಾರ ಎನ್‌ಜಿಟಿಗೆ ಇಲ್ಲ ಅಂತ. ಅಂದರೆ ದಾರಿ ತಪ್ಪಿದರೆ ಒಳ್ಳೆಯ ನಿಯಮವೂ ನಿಲ್ಲುವುದಿಲ್ಲ.

ಆಮೇಲೆ 2025ರಲ್ಲಿ ರಾಜ್ಯ ವಿಧಾನಮಂಡಲ ಕೆರೆ ಸಂರಕ್ಷಣಾ ಪ್ರಾಧಿಕಾರದ ಕಾಯ್ದೆಗೆ ತಿದ್ದುಪಡಿ ಮಸೂದೆ ಪಾಸ್ ಮಾಡಿತು. ಎಲ್ಲ ಕೆರೆಗೂ ಇದ್ದ 30 ಮೀಟರ್ ಬಿಟ್ಟು, ಕೆರೆಯ ವಿಸ್ತೀರ್ಣ ನೋಡಿ ಬಫರ್ ನಿಗದಿ ಮಾಡುವ ಮಸೂದೆ. 100 ಎಕರೆಗಿಂತ ದೊಡ್ಡದಕ್ಕೆ ಮಾತ್ರ 30 ಮೀಟರ್ ಉಳಿಯುತ್ತದೆ, ಒಂದು ಎಕರೆಯೊಳಗಿನ ಕುಂಟೆಗೆ 3 ಮೀಟರ್. ಸಣ್ಣ ಕೆರೆಗಳೇ ಮೊದಲು ಮುಚ್ಚಿಹೋಗುವುದು ಅಂತ ಈ ಊರಲ್ಲಿ ಬೆಳೆದ ಯಾರಿಗೂ ಗೊತ್ತು. ಮೇಲಿನ ಕುಂಟೆ ತುಂಬಿ ಹರಿದು ಕೆಳಗಿನ ಕೆರೆಗೆ ಹೋಗಬೇಕು, ಅದು ನಮ್ಮ ಹಿರಿಯರು ಕಟ್ಟಿದ ಸರಣಿ. ಕೊಂಡಿ ಮುರಿದರೆ ದೊಡ್ಡ ಕೆರೆಗೆ 30 ಮೀಟರ್ ಕೊಟ್ಟು ಏನು ಪ್ರಯೋಜನ?

ಕರಿಕೋಟು ಅವರೇ, ಇಲ್ಲಿ 60 ದಿನದ ಆಕ್ಷೇಪಣೆ ಅನ್ವಯಿಸುತ್ತದೆಯೇ?

---

ಕರಿಕೋಟು

ಇಲ್ಲ. ಈ ವ್ಯತ್ಯಾಸ ತಿಳಿದಿರಬೇಕು, ಏಕೆಂದರೆ ಜನ ಎರಡನ್ನೂ ಒಂದೇ ಅಂದುಕೊಂಡು ತಪ್ಪು ಅರ್ಜಿ ಹಾಕುತ್ತಾರೆ.

ಅಧಿಸೂಚನೆ ಅಂದರೆ ಕಾಯ್ದೆ ಕೊಟ್ಟ ಅಧಿಕಾರದಿಂದ ಸರ್ಕಾರ ಮಾಡಿದ್ದು. ವಿಧಾನ ತಪ್ಪಿದರೆ, ಕಾಯ್ದೆಯ ಉದ್ದೇಶಕ್ಕೇ ವಿರುದ್ಧವಾದರೆ, ಕಾರಣ ಕೊಡದೆ ಮಾಡಿದರೆ ಕೋರ್ಟು ಹೊಡೆಯುತ್ತದೆ. ಕಾಯ್ದೆಯನ್ನೇ ಶಾಸಕಾಂಗ ತಿದ್ದಿದರೆ "ನಮ್ಮನ್ನು ಕೇಳಲಿಲ್ಲ" ಅನ್ನುವ ವಾದ ನಡೆಯದು. ಅಲ್ಲಿ ಶಾಸನ ಮಾಡುವ ಅಧಿಕಾರವ್ಯಾಪ್ತಿ ಇತ್ತೇ, ಮೂಲಭೂತ ಹಕ್ಕಿಗೆ ಧಕ್ಕೆಯೇ, ಮೇಲ್ನೋಟಕ್ಕೇ ಮನಸೋಇಚ್ಛೆಯದೇ ಅನ್ನುವಷ್ಟೇ ಪರೀಕ್ಷೆ. ಸ್ವಚ್ಛ ನೀರು ಗಾಳಿ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ 1991ರಿಂದ ಸುಪ್ರೀಂ ಕೋರ್ಟ್ ಹೇಳುತ್ತಾ ಬಂದಿದೆ, ಪರಿಸರ ಕಾಪಾಡುವುದು ಸರ್ಕಾರದ ಹೊಣೆ ಅನ್ನುವ 48ಎ ವಿಧಿಯೂ ಇದೆ. ಆದರೆ 30 ಮೀಟರನ್ನು 3 ಮೀಟರ್ ಮಾಡಿದ್ದರಿಂದ ಆ ಹಕ್ಕಿಗೆ ಹೇಗೆ ಪೆಟ್ಟು ಅಂತ ಪ್ರವಾಹದ ದಾಖಲೆ, ಅಂತರ್ಜಲದ ಅಳತೆ ಇಟ್ಟು ಸಾಬೀತು ಮಾಡುವ ಭಾರ ನಮ್ಮ ಮೇಲೆ ಬೀಳುತ್ತದೆ. ಕಷ್ಟ, ಅಸಾಧ್ಯವಲ್ಲ.

ಮೂರನೆಯದೂ ಒಂದಿದೆ, ತೀರಾ ಕೆಳಗಿನದು. ಸುತ್ತೋಲೆ, ಕಚೇರಿ ಜ್ಞಾಪನ. ಇವುಗಳಿಂದ ಅಧಿಸೂಚನೆಯನ್ನು ತಿದ್ದಲಾಗದು. 2002ರ ಒಂದು ಸುತ್ತೋಲೆ ಪರಿಸರ ಅನುಮತಿಯನ್ನು ಕಾರ್ಖಾನೆ ಶುರುವಾದ ಮೇಲೂ ತೆಗೆದುಕೊಳ್ಳಬಹುದು ಅಂದಿತ್ತು. 2020ರ ಏಪ್ರಿಲ್ 1ರ ಅಲೆಂಬಿಕ್ ತೀರ್ಪಿನಲ್ಲಿ ಅದು ಕಾನೂನಿಗೆ ವಿರುದ್ಧ ಅಂತ ಆಯಿತು. ಯಾವ ಸಡಿಲಿಕೆಯ ಹಾಳೆ ಕೈಗೆ ಸಿಕ್ಕರೂ ಮೊದಲು ನೋಡಬೇಕಾದ್ದು ಇದನ್ನೇ: ಇದು ಕಾಯ್ದೆಯೋ, ಗೆಜೆಟ್ ಅಧಿಸೂಚನೆಯೋ, ಬರೀ ಸುತ್ತೋಲೆಯೋ?

---

ಕೊನೇವರ್ಷದ_ಎಲ್‌ಎಲ್‌ಬಿ (ಮೈಸೂರು)

ಸರ್, ನಮಗೆ ಕ್ಲಾಸಿನಲ್ಲಿ ಹಿನ್ನಡೆನಿಷೇಧ ತತ್ವದ ಬಗ್ಗೆ ಹೇಳಿದರು, ಒಮ್ಮೆ ಕೊಟ್ಟ ಪರಿಸರ ರಕ್ಷಣೆಯ ಮಟ್ಟವನ್ನು ಇಳಿಸಬಾರದು ಅನ್ನೋದು. ಫ್ರಾನ್ಸ್ 2016ರಲ್ಲಿ ಕಾಯ್ದೆಯಲ್ಲೇ ಬರೆದುಕೊಂಡಿದೆ. ನಮ್ಮಲ್ಲಿ 2016ರ ಡಿಸೆಂಬರ್ 9ರ ಅಧಿಸೂಚನೆ ದೊಡ್ಡ ಕಟ್ಟಡಗಳಿಗೆ ವಿನಾಯಿತಿ ಕೊಟ್ಟಾಗ, 2017ರ ಡಿಸೆಂಬರ್ 8ರಂದು ಎನ್‌ಜಿಟಿ ಇದೇ ತತ್ವ ಹೇಳಿ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಹಾಗಾದರೆ ವಿಧಾನ ಸರಿಯಿದ್ದರೂ, ರಕ್ಷಣೆ ಕಡಿಮೆಯಾಯಿತು ಅನ್ನುವುದೊಂದೇ ಕಾರಣಕ್ಕೆ ಪ್ರಶ್ನಿಸಬಹುದಲ್ಲವೇ?

ಇನ್ನೊಂದು ಪ್ರಶ್ನೆ. ನಿಯಮ ರದ್ದಾದ ಮೇಲೆ, ಹಿಂದೆ ಉಲ್ಲಂಘಿಸಿದವರು ತಪ್ಪಿಸಿಕೊಳ್ಳುತ್ತಾರಾ? ಜನರಲ್ ಕ್ಲಾಸಸ್ ಆಕ್ಟ್ 6ನೇ ಕಲಂ ಹಳೇ ಹೊಣೆ ಉಳಿಯುತ್ತೆ ಅನ್ನುತ್ತೆ.

---

ಕರಿಕೋಟು

ಒಳ್ಳೆಯ ಪ್ರಶ್ನೆಗಳು. ಹಿನ್ನಡೆನಿಷೇಧ ನಮ್ಮಲ್ಲಿ ಇನ್ನೂ ಗಟ್ಟಿ ನೆಲ ಕಂಡಿಲ್ಲ. ಎನ್‌ಜಿಟಿ ಹೇಳಿದೆ ನಿಜ. ಆದರೆ ನಿಯಮದ ಸಿಂಧುತ್ವವನ್ನೇ ಪರೀಕ್ಷಿಸುವ ಅಧಿಕಾರ ಎನ್‌ಜಿಟಿಗೆ ಇಲ್ಲ ಅನ್ನುವ ಕಡೆಗೆ ಸುಪ್ರೀಂ ಕೋರ್ಟ್ 2019ರ ಸ್ಟರ್ಲೈಟ್ ತೀರ್ಪಿನಲ್ಲಿ ವಾಲಿದೆ. ಆದ್ದರಿಂದ ಅಧಿಸೂಚನೆಯನ್ನೇ ಪ್ರಶ್ನಿಸುವುದಾದರೆ 226ನೇ ವಿಧಿಯಡಿ ಹೈಕೋರ್ಟಿಗೇ ಹೋಗಿ. ಎನ್‌ಜಿಟಿ ಇದ್ದರೂ ಹೈಕೋರ್ಟಿನ ಅಧಿಕಾರ ಹಾಗೇ ಇದೆ ಅಂತ 2022ರಲ್ಲಿ ಸ್ಪಷ್ಟವಾಗಿದೆ. ಹಿನ್ನಡೆನಿಷೇಧವನ್ನು ವಾದಕ್ಕೆ ಸೇರಿಸಿ, ಅದೊಂದನ್ನೇ ನಂಬಬೇಡಿ. 14ನೇ ವಿಧಿ ಮತ್ತು 5(3)ನೇ ನಿಯಮ ಮುಂದಿಟ್ಟುಕೊಳ್ಳಿ, ಈವರೆಗೆ ಗೆಲ್ಲಿಸಿರುವುದು ಅವೇ.

2025ರ ಆಗಸ್ಟ್ 5ರ ತೀರ್ಪು ನೋಡಿ. ಆ ವರ್ಷದ ಜನವರಿ 29ರ ಅಧಿಸೂಚನೆ ಶಾಲೆ ಕಾಲೇಜು, ಕೈಗಾರಿಕಾ ಶೆಡ್ಡುಗಳಿಗೆ ಪೂರ್ವಾನುಮತಿಯಿಂದ ವಿನಾಯಿತಿ ಕೊಟ್ಟಿತ್ತು. ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಗವಾಯಿ ಅವರ ಪೀಠ ಆ ವಿನಾಯಿತಿಯ ಟಿಪ್ಪಣಿಯನ್ನು ಹೊಡೆದು ಉಳಿದದ್ದನ್ನು ಉಳಿಸಿತು. 20,000 ಚದರ ಮೀಟರ್ ಮೀರಿದ ಕಟ್ಟಡ ಪರಿಸರದ ಮೇಲೆ ಮಾಡುವ ಪರಿಣಾಮ ಅದರೊಳಗೆ ಪಾಠ ಹೇಳುತ್ತಾರೋ ಸಾಮಾನು ತಯಾರಿಸುತ್ತಾರೋ ಅನ್ನುವುದರಿಂದ ಬದಲಾಗದು, ಭೇದ ಮಾಡಲು ಕಾರಣ ಇಲ್ಲ ಅನ್ನುವುದು ತೀರ್ಪಿನ ತಿರುಳು.

ಹಳೇ ಹೊಣೆಯ ವಿಷಯ ಸೂಕ್ಷ್ಮ. 6ನೇ ಕಲಂ ಕಾಯ್ದೆ ರದ್ದಾದಾಗ ಕೆಲಸ ಮಾಡುತ್ತದೆ. ನಿಯಮ ರದ್ದಾದರೆ ಅದು ಅನ್ವಯಿಸದು ಅಂತ 2000ದಲ್ಲಿ ಕೊಲ್ಹಾಪುರ ಕೇನ್‌ಶುಗರ್ ಪ್ರಕರಣದಲ್ಲಿ ಸಂವಿಧಾನ ಪೀಠವೇ ಹೇಳಿದೆ. ಹಾಗಾಗಿ ರದ್ದು ಮಾಡುವ ಅಧಿಸೂಚನೆಯ ಒಳಗೇ ಉಳಿಕೆಯ ಮಾತು ಇದೆಯೇ ಅಂತ ಹುಡುಕಬೇಕು. 1994ರ ಇಐಎ ಅಧಿಸೂಚನೆಯ ಜಾಗಕ್ಕೆ 2006ರದ್ದು ಬಂದಾಗ "ಈ ಮೊದಲು ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸಗಳನ್ನು ಹೊರತುಪಡಿಸಿ" ಅನ್ನುವ ಸಾಲು ಇತ್ತು. ಒಂದೇ ಸಾಲು. ಅದು ಇದ್ದರೆ ಹಳೇ ಉಲ್ಲಂಘನೆ ಬದುಕಿರುತ್ತದೆ. ಕರಡು ಬಂದಾಗ ಆಕ್ಷೇಪಣೆ ಬರೆಯುವವರು ಈ ಸಾಲು ಬಿಟ್ಟಿದ್ದಾರಾ ಅಂತ ನೋಡುವುದು ಒಳ್ಳೆಯದು.

---

ಮಿಷಿಗನ್_ಕನ್ನಡತಿ

ಇಲ್ಲಿನ ಒಂದು ಹೋಲಿಕೆ ಉಪಯೋಗವಾಗಬಹುದು. ಅಮೆರಿಕದಲ್ಲಿ ಈ ಪ್ರಶ್ನೆಗೆ ಅಡಿಪಾಯ 1983ರ ಸ್ಟೇಟ್ ಫಾರ್ಮ್ ತೀರ್ಪು. ಅದು ಕಾರಿನ ಸುರಕ್ಷತೆಯದು, ಪರಿಸರದ್ದಲ್ಲ. ರೇಗನ್ ಸರ್ಕಾರ ಏರ್‌ಬ್ಯಾಗ್, ತಾನಾಗಿ ಬಿಗಿಯುವ ಸೀಟ್‌ಬೆಲ್ಟ್ ಕುರಿತ ನಿಯಮವನ್ನು ಹಿಂಪಡೆದಿತ್ತು. ನಿಯಮ ತೆಗೆಯುವುದು ಅಂದರೆ ಸುಮ್ಮನಿರುವುದಲ್ಲ, ಅದೂ ಒಂದು ನಿರ್ಧಾರ, ನಿಯಮ ಮಾಡುವಾಗ ಎಷ್ಟು ಕಾರಣ ಕೊಡಬೇಕೋ ತೆಗೆಯುವಾಗಲೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. 2009ರ ಇನ್ನೊಂದು ತೀರ್ಪು ಸ್ವಲ್ಪ ಸಡಿಲಿಸಿತು: ಹೊಸ ನೀತಿ ಹಳೆಯದಕ್ಕಿಂತ ಉತ್ತಮ ಅಂತ ಸಾಬೀತು ಮಾಡಬೇಕಿಲ್ಲ, ಆದರೆ ನೀತಿ ಬದಲಿಸುತ್ತಿದ್ದೇವೆ ಅಂತ ಒಪ್ಪಿಕೊಳ್ಳಬೇಕು, ಹಳೆಯ ವೈಜ್ಞಾನಿಕ ಆಧಾರವನ್ನು ಬದಿಗಿಡುವುದಾದರೆ ಯಾಕೆ ಅಂತ ವಿವರಿಸಬೇಕು.

ಈಗ ಇಲ್ಲಿ ದೊಡ್ಡ ಹೋರಾಟ 2009ರ ನಿರ್ಣಯದ ಮೇಲೆ. ಹಸಿರುಮನೆ ಅನಿಲಗಳು ಜನರ ಆರೋಗ್ಯಕ್ಕೆ ಅಪಾಯ ಅಂತ ಪರಿಸರ ಸಂಸ್ಥೆ ಇಪಿಎ ಅಂದು ಹೇಳಿದ್ದನ್ನು ಹಿಂಪಡೆಯುವ ಪ್ರಸ್ತಾವ 2025ರ ಜುಲೈನಲ್ಲಿ ಬಂತು. ವಾಹನಗಳ ಹಸಿರುಮನೆ ಅನಿಲದ ಮಿತಿಗಳೆಲ್ಲ ಅದರ ಮೇಲೇ ನಿಂತಿದ್ದವು. 2007ರಲ್ಲಿ ಆ ಅನಿಲಗಳು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಅಂತ ಸುಪ್ರೀಂ ಕೋರ್ಟೇ ಹೇಳಿದ್ದರಿಂದ, ಪರ ವಿರೋಧ ಎರಡೂ ಕಡೆಯವರ ವಾದ ಅಲ್ಲಿಂದಲೇ ಶುರುವಾಗುತ್ತದೆ. ಕಾರಿನ ಕಾರ್ಖಾನೆಗಳ ನಡುವೆ ಇರುವ ನಮಗೆ ಇದು ದಿನದ ಮಾತು.

---

ಅಡಿಕೆತೋಟ (ತೀರ್ಥಹಳ್ಳಿ ಕಡೆ)

ಮಲೆನಾಡಿನವರ ಮಾತೂ ಒಂದಿರಲಿ. ನಮಗೆ ನಿಯಮ ತೆಗೆಯುವುದಕ್ಕಿಂತ ನಿಯಮ ಬರುವುದರ ಭಯ ಜಾಸ್ತಿ. ಕಸ್ತೂರಿರಂಗನ್ ವರದಿ ಮೇಲೆ ಪಶ್ಚಿಮಘಟ್ಟವನ್ನು ಪರಿಸರ ಸೂಕ್ಷ್ಮ ಪ್ರದೇಶ ಅಂತ ಗುರುತಿಸುವ ಕರಡು ಅಧಿಸೂಚನೆ 2014ರಿಂದ ಬರುತ್ತಲೇ ಇದೆ, ಆರನೆಯದು 2024ರ ಜುಲೈ 31ರದ್ದು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ರಾಜ್ಯ ಸಂಪುಟ ಆ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿತು. ನಮ್ಮ ಊರ ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ ಅಂತ ಕೇಳುತ್ತಾ ಹತ್ತು ವರ್ಷ ಹೋಯಿತು. ಕರಡು ಬಿದ್ದುಹೋದರೆ ಅದು ರದ್ದು ಮಾಡಿದ ಹಾಗಾ?

ಹಾಗಂತ ನಾನು ಕಾಡಿನ ವಿರೋಧಿಯಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿಯೋದನ್ನ ಕಣ್ಣಾರೆ ನೋಡುವವರು ನಾವು. 2022ರಲ್ಲಿ ರಾಜ್ಯದ ಡೀಮ್ಡ್ ಅರಣ್ಯ (ಅರಣ್ಯ ಅಂತ ಘೋಷಿಸದಿದ್ದರೂ ಕಾಡು ಅಂತ ಪರಿಗಣಿಸಿದ ಜಾಗ) 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷಕ್ಕೆ ಇಳಿದಾಗ ಕಾನು, ಸೊಪ್ಪಿನಬೆಟ್ಟದವರಿಗೆ ನೆಮ್ಮದಿ ಆಯ್ತು. ಆದರೆ ಅದೇ ಲೆಕ್ಕದಲ್ಲಿ ಯಾವ್ಯಾವ ಕಾಡು ಹೊರಗೆ ಬಿತ್ತು ಅಂತ ನಮಗೆ ಯಾರೂ ಸರ್ವೆ ನಂಬರ್ ಸಮೇತ ಹೇಳಲಿಲ್ಲ. ಬರುವಾಗಲೂ ಕೇಳಲ್ಲ, ಹೋಗುವಾಗಲೂ ಕೇಳಲ್ಲ.

---

ಕರಿಕೋಟು

ಕರಡು ಇನ್ನೂ ನಿಯಮ ಅಲ್ಲ. ಅವಧಿ ಮೀರಿ ಬಿದ್ದುಹೋದರೆ ರದ್ದತಿ ಅನ್ನಲಾಗದು. ಬನ್ನೇರುಘಟ್ಟದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದಲ್ಲೂ ಇದೇ ಆಯಿತು. 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್, 2020ರ ಅಂತಿಮ ಅಧಿಸೂಚನೆಯಲ್ಲಿ 168.84. ನೂರು ಚದರ ಕಿಲೋಮೀಟರ್ ಹೋಯಿತು. ಕಾನೂನಿನ ಕಣ್ಣಿಗೆ ಅಲ್ಲಿ ಇದ್ದ ನಿಯಮ ಯಾವುದೂ ರದ್ದಾಗಲಿಲ್ಲ, ಹೋಗಿ ನೋಡಿದವರಿಗೆ ಗೊತ್ತು ಏನಾಯಿತು ಅಂತ.

ಆದರೆ ಪಶ್ಚಿಮಘಟ್ಟದಲ್ಲಿ ಕರಡಿನ ಜೊತೆಗೆ ಇನ್ನೊಂದಿದೆ. 2013ರ ನವೆಂಬರ್ 13ರಂದು ಸಚಿವಾಲಯ ಕಾಯ್ದೆಯ 5ನೇ ಕಲಮಿನಡಿ ನಿರ್ದೇಶನ ಕೊಟ್ಟು ಹೊಸ ಗಣಿ, ಕಲ್ಲುಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಮಾಡುವ) ಕೈಗಾರಿಕೆಗಳಿಗೆ ತಡೆ ಹಾಕಿತು. ಅದು ಕರಡಲ್ಲ, ಆದೇಶ. ಸಡಿಲಿಸುವುದಾದರೆ ಅದಕ್ಕೂ ಲಿಖಿತ ಆದೇಶ, ಕಾರಣ ಬೇಕು.

---

ಸೈಟ್‌ಇಂಜಿನಿಯರ್

ಎಲ್ಲರೂ ಸರ್ಕಾರ ತೆಗೆದದ್ದನ್ನೇ ಮಾತಾಡ್ತಿದ್ದೀರಿ. ಕೋರ್ಟು ತೆಗೆದದ್ದನ್ನ ಕೋರ್ಟೇ ವಾಪಸ್ ತಂದದ್ದೂ ಇದೆಯಲ್ಲ? 2017ರ ಮಾರ್ಚ್ 14ರ ಅಧಿಸೂಚನೆ, 2021ರ ಜುಲೈ 7ರ ಜ್ಞಾಪನ. ಅನುಮತಿ ಇಲ್ಲದೆ ಶುರು ಮಾಡಿದವರಿಗೆ ದಂಡ ಹಾಕಿ, ಆಮೇಲೆ ಅನುಮತಿ ಕೊಡುವ ದಾರಿ. 2025ರ ಮೇ 16ರಂದು ವನಶಕ್ತಿ ಪ್ರಕರಣದಲ್ಲಿ ಎರಡೂ ರದ್ದು. ಅದೇ ನವೆಂಬರ್ 18ರಂದು ಮೂವರ ಪೀಠ 2:1ರಲ್ಲಿ ಆ ತೀರ್ಪನ್ನೇ ಹಿಂಪಡೆಯಿತು. ಸುಮಾರು 20,000 ಕೋಟಿ ರೂಪಾಯಿಯ ಸಾರ್ವಜನಿಕ ಯೋಜನೆಗಳನ್ನು ಒಡೆಯಬೇಕಾಗುತ್ತೆ ಅನ್ನೋದು ಒಂದು ಕಾರಣ. ಒಡಿಶಾದ ಏಮ್ಸ್ ಆಸ್ಪತ್ರೆ, ಕರ್ನಾಟಕದ ಒಂದು ಗ್ರೀನ್‌ಫೀಲ್ಡ್ ವಿಮಾನ ನಿಲ್ದಾಣ ಆ ಪಟ್ಟಿಯಲ್ಲಿದ್ದವು. ಕಟ್ಟಿದ ಆಸ್ಪತ್ರೆ ಒಡೆದು ಮತ್ತೆ ಕಟ್ಟಿದರೆ ಪರಿಸರಕ್ಕೆ ಲಾಭವಾ? ಎರಡು ಸಲ ಸಿಮೆಂಟು, ಎರಡು ಸಲ ಮರಳು, ಒಡೆದ ಅವಶೇಷ ಬೇರೆ.

---

ಕೆರೆಯಂಗಳ

ಒಡೆಯಿರಿ ಅಂತ ನಾನು ಹೇಳಲಾರೆ. ಆದರೆ ಭಿನ್ನಮತದ ನ್ಯಾಯಮೂರ್ತಿ ಉಜ್ಜಲ್ ಭೂಯಾನ್ ಮುನ್ನೆಚ್ಚರಿಕೆ ತತ್ವವೇ, ಅಂದರೆ ಹಾನಿ ಆಗುವ ಮೊದಲೇ ತಡೆಯಬೇಕು ಅನ್ನುವುದೇ, ಪರಿಸರ ಕಾನೂನಿನ ಮೂಲ ಅಂದಿದ್ದಾರೆ, ನನ್ನ ಮನಸ್ಸು ಅವರ ಕಡೆಗಿದೆ. ಪೂರ್ವಾನುಮತಿ ಅಂದರೆ ಕೆಲಸ ಶುರುವಾಗುವ ಮೊದಲು ಊರವರನ್ನು ಅಹವಾಲು ಸಭೆಗೆ ಕರೆದು ಕೇಳುವುದು. ಕಟ್ಟಡ ನಿಂತ ಮೇಲೆ ಕರೆದರೆ ನಾವು ಹೇಳುವುದೇನು? "ಬೇಡ" ಅನ್ನುವ ಉತ್ತರಕ್ಕೆ ಜಾಗವೇ ಇರುವುದಿಲ್ಲ. ದಂಡ ಕಟ್ಟುವ ಶಕ್ತಿ ಇರುವವರಿಗೆ ಅದು ಖರ್ಚಿನ ಒಂದು ಬಾಬ್ತು ಆಗಿಬಿಡುತ್ತದೆ. ಜನ ವಿಶ್ವಾಸ ಕಾಯ್ದೆ ಬಂದ ಮೇಲೆ ಪರಿಸರ ಕಾಯ್ದೆಯ ಉಲ್ಲಂಘನೆಗೆ ಇದ್ದ 5 ವರ್ಷದವರೆಗಿನ ಜೈಲು ಹೋಗಿ 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ಬಂದಿದೆ. ನಗರದ ಒಂದು ಫ್ಲಾಟಿನ ಬೆಲೆಯಷ್ಟೂ ಇಲ್ಲ.

---

ಕರಿಕೋಟು

ನವೆಂಬರ್ ತೀರ್ಪನ್ನು ಪೂರ್ತಿ ಗೆಲುವು ಅಂತ ಯಾರೂ ಓದಬಾರದು. ಬಹುಮತದ ಮುಖ್ಯ ಆಧಾರ, ಸಮಾನ ಪೀಠಗಳ ಹಿಂದಿನ ತೀರ್ಪುಗಳನ್ನು ಮೇ ತಿಂಗಳ ಪೀಠ ಗಮನಿಸಲಿಲ್ಲ ಅನ್ನುವುದು. ನಮ್ಮ ರಾಜ್ಯದಿಂದ ಹೋದ ಡಿ. ಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕರಣ, 2022ರದ್ದು, ಅವುಗಳಲ್ಲಿ ಒಂದು. ಹಿಂಪಡೆದು ಮತ್ತೆ ವಿಚಾರಣೆ ಆಗಲಿ ಅಂದಿದ್ದಾರೆ. ನಂತರದ ಅನುಮತಿ ಸಿಂಧು ಅಂತ ಕೊನೆಯ ಮಾತು ಹೇಳಿದಂತಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಾವು ಗೆದ್ದಿರುವುದೆಲ್ಲ ವಿಧಾನದ ಮೇಲೆ, ಕಾರಣಗಳ ಮೇಲೆ. ಮೀಟರ್ ಎಷ್ಟಿರಬೇಕು, ಮಿತಿ ಎಷ್ಟಿರಬೇಕು ಅಂತ ಕೋರ್ಟು ತಾನೇ ಬರೆಯಲು ಹೋದಾಗ ಸೋತಿದ್ದೇವೆ. ಹಾಗಾದರೆ ವಿಧಾನದ ಗೆಲುವು ಟೊಳ್ಳೇ? ಅಲ್ಲ. 2020ರ ಮಣ್ಣಿನ ವಿನಾಯಿತಿಗೆ ಮಿತಿಯೇ ಇರಲಿಲ್ಲ, 2025ರಲ್ಲಿ ಬಂದದ್ದಕ್ಕೆ 20,000 ಘನ ಮೀಟರಿನ ಗೆರೆ, ಪಾಲಿಸಬೇಕಾದ ಕಾರ್ಯವಿಧಾನ ಬಂದಿದೆ. ಯಾಕೆ ಬಂತು? ಮಿತಿ ಇಲ್ಲ ಅಂತ ಕೋರ್ಟು ಹೊಡೆದದ್ದಕ್ಕೆ. ಇದು ಸಾಕು ಅಂತ ನಾನು ಹೇಳುತ್ತಿಲ್ಲ, ಆದರೆ ಈಗ ನಮ್ಮ ಸ್ನೇಹಿತರಿಗೆ ಹಿಡಿದು ಕೇಳಲು ಏನೋ ಇದೆ.

ಗೋಮಾಳದಂಚು ಅವರೇ, ನಿಮಗೆ ಹೇಳುವುದು ಇಷ್ಟು. ಪರಿಸರ ಅನುಮತಿಯ ವಿನಾಯಿತಿಯಿಂದ ಬೇರೆ ಅನುಮತಿಗಳು ಮಾಫಿ ಆಗುವುದಿಲ್ಲ. ರಸ್ತೆ ಏರಿಗೆ ಬಳಸುವ ಸಾಮಾನ್ಯ ಮಣ್ಣು 2000ದಿಂದ ಉಪಖನಿಜ, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ, ರಾಜಧನ ಬೇಕು. ಗೋಮಾಳ ಭೂಕಂದಾಯ ಕಾಯ್ದೆಯ 71ನೇ ಕಲಮಿನಡಿ ಕಾಯ್ದಿಟ್ಟ ಜಮೀನು, ಜಿಲ್ಲಾಡಳಿತದ ಆದೇಶ ಎಲ್ಲಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಮಣ್ಣು ತೆಗೆಯಲು ಶುರು ಮಾಡಿದ ದಿನಾಂಕವೂ ಬೇಕು. 2024ರ ತೀರ್ಪು ಮತ್ತು 2025ರ ಅಧಿಸೂಚನೆಯ ನಡುವಿನ ಅವಧಿಯದ್ದಾದರೆ ವಿನಾಯಿತಿಯೇ ಇರಲಿಲ್ಲ.

---

ಸೈಟ್‌ಇಂಜಿನಿಯರ್

ಅಳತೆಗೆ ನಾನು ಸಹಾಯ ಮಾಡ್ತೀನಿ. ಒಂದು ಎಕರೆ ಜಾಗ 5 ಮೀಟರ್ ಆಳ ತೋಡಿದರೆ ಸುಮಾರು 20,000 ಘನ ಮೀಟರ್ ಬರುತ್ತೆ. ಹತ್ತು ಚಕ್ರದ ಟಿಪ್ಪರ್‌ಗೆ 14 ಘನ ಮೀಟರ್ ಅಂತ ಹಿಡಿದರೆ 1,400 ಲೋಡಿನ ಆಸುಪಾಸು. ಗುಂಡಿಯ ಉದ್ದ ಅಗಲ ಆಳ ಟೇಪ್ ಹಿಡಿದು ಬರೆದಿಡಿ, ದಿನಾಂಕ ಬೀಳುವಂತೆ ಫೋಟೋ ತೆಗೀರಿ. ಮಳೆ ನೀರು ನಿಲ್ಲೋ ಮೊದಲೇ ಮಾಡಿ. ಕಾರ್ಯವಿಧಾನದ ಷರತ್ತು ಪಾಲಿಸಿದ ಗುತ್ತಿಗೆದಾರ ಇದಕ್ಕೆ ಹೆದರಬೇಕಿಲ್ಲ.

---

ಗೋಮಾಳದಂಚು

ಎಲ್ಲರಿಗೂ ಧನ್ಯವಾದ. ಪಂಚಾಯಿತಿ ಸದಸ್ಯರೊಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ. ಮಾಹಿತಿ ಹಕ್ಕಿನ ಅರ್ಜಿ ಬರೆದು ಇಲ್ಲೇ ಹಾಕುತ್ತೇನೆ, ತಿದ್ದಿಕೊಡಿ. ಒಂದು ಮಾತ್ರ ಕೇಳಬೇಕು: ಈ ಕರಡುಗಳು ಬರುವುದು ನಮಗೆ ಗೊತ್ತಾಗುವುದು ಹೇಗೆ? ಗೆಜೆಟ್ ನಮ್ಮೂರಿಗೆ ಬರುವುದಿಲ್ಲ, ಬಂದರೂ ಇಂಗ್ಲಿಷ್.

---

ಕರಿಕೋಟು

ಇದಕ್ಕೆ ನಮ್ಮ ಹೈಕೋರ್ಟಿನದ್ದೇ ಉದಾಹರಣೆ ಇದೆ. 2020ರ ಇಐಎ ಕರಡು ಬಂದಾಗ ಇದೇ ದೂರು. ದೆಹಲಿ ಹೈಕೋರ್ಟ್ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾಡಿ ಅಂದಿತು, ಅವಧಿಯನ್ನು ಆಗಸ್ಟ್ 11ರವರೆಗೆ ಬೆಳೆಸಿತು. ಆ ಆಗಸ್ಟ್‌ನಲ್ಲೇ ಕರ್ನಾಟಕ ಹೈಕೋರ್ಟ್, ಕರಡಿಗೆ ಸ್ಥಳೀಯ ಭಾಷೆಯಲ್ಲಿ ಸಾಕಷ್ಟು ಪ್ರಚಾರ ಸಿಕ್ಕಿಲ್ಲ ಅನ್ನುವ ಅರ್ಜಿಯ ಮೇಲೆ, ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಆಗ ಇಲ್ಲಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರೇ. ಲಕ್ಷಗಟ್ಟಲೆ ಆಕ್ಷೇಪಣೆ ಹೋಗಿದ್ದವು. ಆ ಕರಡು ಅದೇ ರೂಪದಲ್ಲಿ ಅಂತಿಮವಾಗಲೇ ಇಲ್ಲ. ನಂತರ ಬಿಡಿ ಬಿಡಿ ತಿದ್ದುಪಡಿಗಳಾಗಿ ಬರುತ್ತಿರುವುದು ಬೇರೆ ಮಾತು, ಅದಕ್ಕೇ ಕಣ್ಣಿಟ್ಟಿರಬೇಕು.

ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯಿರಿ. ಉದ್ದ ಬೇಡ. ಕರಡಿನ ಯಾವ ಕಂಡಿಕೆ, ಅದರಿಂದ ನಿಮ್ಮೂರಿನ ಯಾವ ಸರ್ವೆ ನಂಬರಿನಲ್ಲಿ ಏನಾಗುತ್ತದೆ, ಬದಲಿಗೆ ಏನು ಬೇಕು. ಸಾವಿರ ಜನ ಒಂದೇ ಪತ್ರಕ್ಕೆ ಸಹಿ ಹಾಕುವುದಕ್ಕಿಂತ ಹತ್ತು ಊರಿನ ಹತ್ತು ಬೇರೆ ಬೇರೆ ವಿವರ ಕೋರ್ಟಿನಲ್ಲಿ ನಮಗೆ ಕೆಲಸಕ್ಕೆ ಬರುತ್ತದೆ. ಅದನ್ನು ಪರಿಶೀಲಿಸಿದ ದಾಖಲೆ ತೋರಿಸಿ ಅಂತ ಸರ್ಕಾರವನ್ನು ಕೇಳಬಹುದು.

---

ಕೆರೆಯಂಗಳ

ಹಾಗಾದರೆ ಇಲ್ಲೇ ಹೊಸ ಎಳೆ ಶುರು ಮಾಡುತ್ತೇನೆ: ಸಚಿವಾಲಯದ ಕರಡುಗಳು ಬಂದ ವಾರದೊಳಗೆ ಕನ್ನಡ ಸಾರಾಂಶ, ಆಕ್ಷೇಪಣೆಗೆ ಕೊನೆಯ ದಿನ, ಕಳಿಸಬೇಕಾದ ವಿಳಾಸ. ಕೆರೆ, ಕಾಲುವೆಯ ವಿಷಯ ನಾನು ನೋಡಿಕೊಳ್ಳುತ್ತೇನೆ. ಅಡಿಕೆತೋಟ ಅವರೇ, ಘಟ್ಟದ ಕಡೆಯದ್ದು ನೀವು ವಹಿಸಿಕೊಳ್ಳುತ್ತೀರಾ? ಕೊನೇವರ್ಷದ ಎಲ್‌ಎಲ್‌ಬಿಯವರು ಉಳಿಕೆಯ ಸಾಲು ಇದೆಯೋ ಇಲ್ಲವೋ ಅಂತ ಪ್ರತಿ ಕರಡಿನಲ್ಲೂ ಪರೀಕ್ಷಿಸಿ ಹೇಳಿದರೆ ಅರ್ಧ ಕೆಲಸ ಆದಂತೆ.

---

ಅಡಿಕೆತೋಟ

ಆಗಲಿ. ಆದರೆ ವಿರೋಧ ಮಾಡುವವರ ಮಾತೂ, ಬೇಕು ಅನ್ನುವವರ ಮಾತೂ ಎರಡೂ ಸಾರಾಂಶದಲ್ಲಿ ಬರಬೇಕು. ಹಳ್ಳಿಗಳ ಪಟ್ಟಿ ತಾಲ್ಲೂಕುವಾರು ಮಾಡಿಕೊಡ್ತೀನಿ, ಹೊಸನಗರ, ಸಾಗರದ ಕಡೆಯವರು ಯಾರಾದರೂ ಇದ್ದರೆ ಸೇರಿಕೊಳ್ಳಿ.